ಮೆಂಬರ್ ಶರಬತ್ತು

"ಆ ಕ್ಯಾನಿನ ನೀರು ಹಂಡೇದಾಗ ಬಿತ್ತಂದ್ರ, ವಿರುಪಾಕ್ಷಿ, ನಿಮ್ಮವ್ವನ ಜೋಡಿ ನನಗೂ ಇವತ್ತ ಒಂದು ಕುಣಿ ತೋಡಿಸಬೇಕಾಗತೈತಿ ನೋಡು!"

ಬರೀ ಹೇಳಿದ್ದಲ್ಲ. ಆಟೋದಿಂದ ಆಗಷ್ಟೇ ಇಳಿದಿದ್ದ ಕುಡಿಯುವ ನೀರಿನ ಕ್ಯಾನನ್ನು ಅಡ್ಡ ಕೆಡವಿ ಪಕ್ಕದ ಮನೆಯ ಕಳಕಮ್ಮ ಅದರ ಮೇಲೆ ಕುಳಿತೇ ಬಿಟ್ಟಳು. ಅವಳ ಭಾರಕ್ಕೆ ಕ್ಯಾನು 'ಗುಳುಂ' ಎಂದಿತು. ಹೆಣದ ಮುಂದೆ ಅಳುತ್ತಿದ್ದ ಹೆಂಗಸರು ಅಳುವನ್ನು ಅಲ್ಲಿಗೇ ಅದುಮಿಟ್ಟು ಕತ್ತು ಹೊರಳಿಸಿದರು. ಬಾರಿಸುವ ಮೊದಲು ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದವರೂ ಕೈ ತಡೆದು ನಿಂತರು.

ಗಂಗಾವತಿಯ ಹಮಾಲರ ಓಣಿಯಲ್ಲಿ ಪಾರಮ್ಮ ಸತ್ತಿದ್ದಳು. ನಸುಕಿನಲ್ಲೆದ್ದು, ದಿನಾ ಕಟ್ಟೆಯ ಮೇಲೆ ಮಾರುವ ಮಂಡಕ್ಕಿಯ ಒಗ್ಗರಣೆ ಮಂಡಾಳಿಗೆಂದು ಹಸಿಮೆಣಸಿನಕಾಯಿ ಹೆಚ್ಚಿಟ್ಟು, "ಜರಾ ಒರಗತೀನಿ" ಎಂದು ಗೋಡೆಗೆ ಒರಗಿದವಳು ಹಾಗೇ ಒರಗಿ ಹೋಗಿದ್ದಳು. ಈಗ ಅದೇ ಗೋಡೆಗೆ ಆನಿಸಿ ಅವಳನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ಕೊರಳ ತುಂಬ ಚೆಂಡುಹೂ, ಹಣೆಯ ತುಂಬ ಭಂಡಾರ. ಗಿರಾಕಿಗಳಿಗೆ ಕಾದು ಕುಳಿತ ಹಾಗೇ ಕಾಣುತ್ತಿದ್ದಳು.

"ಚಿಗವ್ವಾ, ಏಳು," ಎಂದ ವಿರುಪಾಕ್ಷಿ. ಪಾರಮ್ಮನ ಒಬ್ಬನೇ ಮಗ. ಕಾರಟಗಿಯ ಸರಕಾರಿ ಹಾಸ್ಟೆಲಿನಲ್ಲಿ ಅಟೆಂಡರು. "ಮಾವ ಸೀರಿ ತಗೊಂಡು ಕುಷ್ಟಗಿ ಬಿಟ್ಟಾನಂತ. ತವರಿನ ಸೀರಿ ಬಂದ ಕೂಡ್ಲೇ ಜಳಕ ಆಗಬೇಕು, ಹೊತ್ತು ಮುಣುಗೂದರಾಗ ಮಣ್ಣಾಗಬೇಕು. ಮನ್ಯಾಗ ಇರೂದು ಹಳೇ ನಳದ ನೀರು. ಅದನ್ನ ಅವ್ವನ ಮೈಮ್ಯಾಲೆ ಹಾಕಾಕ ನನಗ ಮನಸಿಲ್ಲ. ಕ್ಯಾನಿನ ನೀರು ಶುದ್ಧ ಅಲ್ಲೇನು?"

"ಶುದ್ಧ ಐತಿ. ಆದ್ರ ಅದು ಸೋತ ನೀರು. ನಿಮ್ಮವ್ವ ಇಷ್ಟು ವರ್ಷ ಗುದ್ದಾಡಿದ್ದು ಕ್ಯಾನ್ ತರಸಾಕೇನು?"

ಹೋದ ತಿಂಗಳು ಓಣಿಯಲ್ಲಿ ಹೊಸ ಪೈಪು ಹಾಕಲು ತೆಗ್ಗು ತೋಡುತ್ತಿದ್ದಾಗ ಪಾರಮ್ಮ ಅದರ ಅಂಚಿನಲ್ಲಿ ಕುಳಿತು ಎಲೆ ಮಡಚುತ್ತ ಹೇಳಿದ್ದಳು. "ಕಳಕವ್ವಾ, ನಾ ಮೊದಲ ಹೋದ್ರ ಹೊಸ ನೀರಾಗ ನನ್ನ ಜಳಕಾ ಮಾಡಿಸಬೇಕು ನೀನು. ನೀ ಮೊದಲ ಹೋದ್ರ ನಾ ಮಾಡಸ್ತೀನಿ. ಹಳೇ ನೀರು ಹಾಕಿದೀ ಅಂದ್ರ ಎದ್ದು ಕುಂತು ಬೈತೀನಿ. ಅದೂ ನಿನ್ನ ಧ್ವನ್ಯಾಗ!" ಕಳಕಮ್ಮ ಅವಳ ಎಲೆಯ ಮೇಲೆ ಕೈಯಿಟ್ಟು "ಆತು" ಎಂದಿದ್ದಳು. ಎಲೆ ಮುಟ್ಟಿ ಆಡಿದ ಮಾತು.

ಆ ಪೈಪು ಈಗ ಬಂದಿತ್ತು. ಮನೆಮನೆಯ ಮುಂದೆ ಮಿರಿಮಿರಿ ಹಿತ್ತಾಳೆ ನಳ ನಿಂತಿತ್ತು. ಮೊನ್ನೆ ಲ್ಯಾಬಿನವರು ಟ್ಯಾಂಕಿಯಿಂದ ನೀರು ಒಯ್ದು ಪರೀಕ್ಷೆ ಮಾಡಿ ಪಾಸು ಮಾಡಿದ್ದರು. ಆದರೆ ವಾಲ್ವಿಗೆ ಕೀಲಿ. ಸೋಮವಾರ ಯಾರೋ ದೊಡ್ಡ ಸಾಹೇಬರು ಬಂದು, ರಿಬ್ಬನ್ ಕತ್ತರಿಸಿ, ನಳ ತಿರುವಬೇಕಂತೆ. ಪಾರಮ್ಮ ಅದಕ್ಕೆ 'ಉದ್ಗಟಾರನಿ' ಎನ್ನುತ್ತಿದ್ದಳು.

ಸೋಮವಾರದ ತನಕ ಕಾಯುವ ಪುರಸತ್ತು ಪಾರಮ್ಮನಿಗೆ ಇರಲಿಲ್ಲ.

*

ಪಾರಮ್ಮ ಕುಷ್ಟಗಿ ಕಡೆಯ ಒಂದು ಒಣ ಹಳ್ಳಿಯವಳು. ಆ ಊರಿನ ಬೋರಿನ ನೀರು ಹುಡುಗರ ಹಲ್ಲಿಗೆ ಕಂದು ಪಟ್ಟೆ ಬರೆಯುತ್ತಿತ್ತು, ಮುದುಕರ ಮೊಣಕಾಲಿಗೆ ಬೀಗ ಹಾಕುತ್ತಿತ್ತು. ಅವಳ ಅಪ್ಪ ವರನನ್ನು ನೋಡಲಿಲ್ಲ, ವರನ ಊರಿನ ನೀರು ನೋಡಿದ. "ಗೋಣೆಪ್ಪ ಅಕ್ಕಿ ಮಿಲ್ಲಿನ್ಯಾಗ ಹಮಾಲಿ ಇದ್ರ ಇರಲಿ. ಹೊಳಿ ನೀರಿನ ಊರು. ಮೊಮ್ಮಕ್ಕಳ ಹಲ್ಲಾರ ಬೆಳ್ಳಗಿರ್ತಾವ" ಎಂದು ಕೊಟ್ಟುಬಿಟ್ಟ.

ಹೊಸ ಸೊಸೆ ಮೊದಲ ದಿನವೇ ಕೊಡ ಹಿಡಿದು ನಳಕ್ಕೆ ಓಡಿದಳು. ಆಗ ಓಣಿಗೆಲ್ಲ ಒಂದೇ ನಳ. ಕೊಡ ತುಂಬಿದ್ದನ್ನು ನೋಡಿ ಅವಳು ಕೇಳಿದ ಮಾತು ಓಣಿಯಲ್ಲಿ ಇವತ್ತಿಗೂ ಓಡಾಡುತ್ತಿದೆ:

"ಯವ್ವಾ, ಇಲ್ಲಿ ನಳದಾಗ ಚಹಾ ಬಿಡ್ತಾರೇನು?"

ಪೈಪು ಓಣಿಯುದ್ದಕ್ಕೂ ಗಟಾರದೊಳಗೇ ಮಲಗಿತ್ತು. ಜೋಡಣೆ ಬಿಟ್ಟಲ್ಲೆಲ್ಲ ನೀರು ಹೊರಗೆ, ಗಟಾರ ಒಳಗೆ. ಬೀಗರ ಮನೆಯ ಹಾಗೆ ಹೋಗಿ ಬರುವ ಬಳಕೆ. "ಊರ ಹೆಸರಿನ್ಯಾಗ ಗಂಗಿ ಅದಾಳ, ನಳದಾಗ ಬರಾಕಿ ಆಕಿ ಸವತಿ" ಎಂದಳು ಪಾರಮ್ಮ, ಸೆರಗಿನಿಂದ ಪಟ್ಟೆಹಲ್ಲು ಮುಚ್ಚಿಕೊಂಡು ನಗುತ್ತ.

ಆ ಹೊತ್ತಿಗೆ ಕಳಕಮ್ಮ ಓಣಿಗೆ ಬಂದು ಒಂದು ವರ್ಷವಾಗಿತ್ತು. ಹಿರಿಯ ಸೊಸೆಯ ಹಕ್ಕಿನಿಂದ ಸರತಿ ಮುರಿದು ಕೊಡ ಮುಂದಿಟ್ಟಳು. ಪಾರಮ್ಮ ಅದನ್ನು ಕಾಲಿನಿಂದ ಹಿಂದೆ ಸರಿಸಿದಳು. ಅಂದು ಹತ್ತಿದ ಜಗಳ ಇಬ್ಬರ ತಲೆಯೂ ಬೆಳ್ಳಗಾಗುವ ತನಕ ನಡೆಯಿತು. ಕಳಕಮ್ಮನಿಗೆ ಬಾಯಿ ಜೋರು. ಆದರೆ ಪಾರಮ್ಮನದು ಬೇರೆಯೇ ವಿದ್ಯೆ. ಕಳಕಮ್ಮ ಬೈದದ್ದನ್ನು ಅವಳದೇ ಧ್ವನಿಯಲ್ಲಿ, ಅವಳದೇ ಮೂಗಿನ ರಾಗದಲ್ಲಿ ತಿರುಗಿಸಿ ಹಾಕುತ್ತಿದ್ದಳು. ತಿರುವಿನಾಚೆ ನಿಂತು ಕೇಳಿದವರಿಗೆ ಕಳಕಮ್ಮ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಾಳೆ ಅನ್ನಿಸಬೇಕು.

ಒಮ್ಮೆಯಂತೂ ನಡು ಮಧ್ಯಾಹ್ನ ಓಣಿ ನಿದ್ದೆಯಲ್ಲಿದ್ದಾಗ ಗೋಡೆಯ ಮರೆಯಲ್ಲಿ ನಿಂತು ನಳದ ಧ್ವನಿ ತೆಗೆದಳು. ನೀರು ಬರುವ ಮೊದಲು ಗಾಳಿ ಉಗುಳುತ್ತದಲ್ಲ, ಅದು. "ಫುಸ್ಸ್… ಗೊರ್ ಗೊರ್… ಖೊಳ್!" ಕೊಡ, ಬಿಂದಿಗೆ, ಬಕೆಟ್ಟು ಹಿಡಿದು ಓಣಿಗೆ ಓಣಿಯೇ ಓಡಿ ಬಂತು. ಎಲ್ಲರಿಗಿಂತ ಮುಂದೆ ಕಳಕಮ್ಮ, ಅರ್ಧ ಹೆಣೆದ ಜಡೆ ಹಿಡಿದುಕೊಂಡು. ನಳ ಒಣಗಿ ನಿಂತಿತ್ತು. ಗೋಡೆಯ ಹಿಂದೆ ಪಾರಮ್ಮ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳು. ಅವತ್ತು ಹಲ್ಲು ಮುಚ್ಚಿಕೊಳ್ಳುವುದೂ ಮರೆತಿತ್ತು.

*

"ಮೆಂಬರ್‌ಗೆ ಫೋನ್ ಹಚ್ಚು," ಎಂದಳು ಕಳಕಮ್ಮ, ಕ್ಯಾನಿನ ಮೇಲಿಂದ ಏಳದೆ. "ಕೇಳಿ ನೋಡೂಣು. ಬಾಯಿ ಐತಲ್ಲ."

ವಿರುಪಾಕ್ಷಿ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗಿಟ್ಟ. ವಾರ್ಡಿನ ಮೆಂಬರ್ ಗೋವಿಂದರಾಜರು ಶ್ರೀರಾಮನಗರದಲ್ಲಿ ಯಾರದೋ ಮದುವೆಯಲ್ಲಿದ್ದರು. ಹಿಂದೆ ವಾಲಗ ಒದರುತ್ತಿತ್ತು, ಮುಂದೆ ಮಾತಿಗೊಮ್ಮೆ ಅವರ ಕೆಮ್ಮು.

"ಹಲೋ… ಕೇಳಿದ್ನಪಾ, ಭಾಳ ಕೆಟ್ಟ ಅನಿಸ್ತು. ಖ್ಞಾಂ! ಅಕ್ಕಾರು ಅಂದ್ರ ನಮ್ಮ ಓಣೀಗೆ ದೊಡ್ಡ ಶಕ್ತಿ. ಸಂಜೀಕ ಹಾರ ತಗೊಂಡು ಬಂದ ಬರ್ತೀನಿ. ಏನು, ನೀರೇನು? ಆತು… ಆಗತೈತಿ… ಆಗೇ ಆಗತೈತಿ. ಸೋಮವಾರ."

"ಇವತ್ತ ಬೇಕಾಗಿತ್ರಿ, ಜಳಕಕ್ಕ."

"ಹೆಂಗಾಗತೈತಿ ತಮ್ಮಾ? ಸಾಹೇಬ್ರು ತಿರುವೂದಕಿಂತ ಮೊದಲ ಒಂದು ಹನಿ ಬಿದ್ರ ನನ್ನ ಮರ್ಯಾದಿ ಏನು? ಖ್ಞಾಂ! ನೀರು ಬಿಡೂ ಜಿಲಾನಿಗೆ ಹೇಳಿಬಿಟ್ಟೀನಿ. ನನ್ನ ಬಾಯಿಂದ ಮಾತು ಬರೂ ತನಕ ವಾಲ್ವಿಗೆ ಕೈ ಹಚ್ಚಿದ್ರ ನೌಕರಿ ಹೋತು ಅಂತ."

ಫೋನು ಇಟ್ಟ ಮೇಲೆ ಹೆಂಗಸರು ಹೊಸ ನಳದ ಕಡೆ ನೋಡಿ ಲಟಿಕೆ ಮುರಿದರು. ಗೋಣೆಪ್ಪ ಮಾತ್ರ "ಏನಂತ? ಏನಂತ?" ಎಂದು ಎಲ್ಲರ ಮುಖ ನೋಡುತ್ತಿದ್ದ. ಆಯುಷ್ಯವೆಲ್ಲ ಮಿಲ್ಲಿನ ಸದ್ದಿಗೆ ಕಿವಿ ಕೊಟ್ಟವನು. ಕೊಟ್ಟ ಕಿವಿ ತಿರುಗಿ ಬಂದಿರಲಿಲ್ಲ.

"ನೀರು ಬಿಡೂದಿಲ್ಲಂತ, ಮುತ್ಯಾ!" ಎಂದು ಒದರಿ ಹೇಳಿದವನು ಗಾಳೇಶ. ಕಳಕಮ್ಮನ ಮೊಮ್ಮಗ, ಕ್ಯಾನು ಹೇರಿಕೊಂಡು ಬಂದ ಆಟೋ ಇವನದೇ.

ಗೋಣೆಪ್ಪ ಹೆಂಡತಿಯ ಕಡೆ ತಿರುಗಿ, ಅವಳಿಗೆ ವರದಿ ಒಪ್ಪಿಸುವ ಹಾಗೆ ಅಂದ: "ಬಿಡೂದಿಲ್ಲಂತ ನೋಡು."

*

ಆ ಗಾಳೇಶನಿಗೆ ಹುಡುಗನಾಗಿದ್ದಾಗ ಕಾಮಾಲೆಯಾಗಿತ್ತು. ಆ ವರ್ಷ ಓಣಿಯ ಎಷ್ಟೋ ಮನೆಗಳಲ್ಲಿ ಹುಡುಗರ ಕಣ್ಣು ಅರಿಸಿನ ಬಳಿದಂತಾಗಿದ್ದವು. ದವಾಖಾನೆಯಲ್ಲಿ ಡಾಕ್ಟರು ಹೇಳಿದ್ದು ಒಂದೇ ಮಾತು: "ನೀರು." ಕಳಕಮ್ಮ ಮೊಮ್ಮಗನ ಮಂಚದ ಬುಡದಲ್ಲಿ ಕುಳಿತಿದ್ದಾಗ ಪಾರಮ್ಮ ಗಂಜಿ ತಂದಳು. ಆ ಹೊತ್ತಿಗೂ ಇಬ್ಬರ ನಡುವೆ ಮಾತಿರಲಿಲ್ಲ. ಪಾರಮ್ಮ ಹುಡುಗನ ಕಣ್ಣ ರೆಪ್ಪೆ ಬಿಡಿಸಿ ನೋಡಿದಳು. ತನ್ನ ಹಲ್ಲಿನ ಮೇಲೆ ನಾಲಗೆ ಆಡಿಸಿದಳು.

"ನಿನ್ನ ಜೋಡಿ ಜಗಳಾ ಸಾಕು ಮಾಡ್ತೀನಿ, ಕಳಕವ್ವಾ," ಎಂದಳು. "ಇನ್ನ ನಳದ ಜೋಡಿ ಆಡ್ತೀನಿ."

ಮರುದಿನ ಅವಳ ಕಟ್ಟೆಯ ಅಂಚಿಗೆ ಒಂದು ಗಾಜಿನ ಬಾಟ್ಲಿ ಬಂತು. ಅದರ ತುಂಬ ನಳದ ನೀರು. ಮತ್ತೆ ನೀರು ಬಂದಾಗ ಇನ್ನೊಂದು. ಒಂದು ಚಹಾದ ಬಣ್ಣ, ಒಂದು ಬೆಲ್ಲದ ಪಾನಕ, ಒಂದು ಪಾಚಿ ಹಸಿರು, ಒಂದಕ್ಕೆ ಏನು ಬಣ್ಣವೆಂದು ಹೇಳಲು ದೇವರಿಗೂ ಶಬ್ದ ಸಿಗದು. ಬೆಳಿಗ್ಗೆ ಮಂಡಾಳು, ಮಿರ್ಚಿ ತಿನ್ನಲು ಬಂದವರು ಕೇಳುತ್ತಿದ್ದರು:

"ಇದ್ಯಾವ ಶರಬತ್ತವ್ವಾ?"

"ಮೆಂಬರ್ ಶರಬತ್ತು. ಪುಕ್ಕಟ ಐತಿ, ಕುಡೀರಿ. ದವಾಖಾನಿ ಖರ್ಚು ಅಷ್ಟ ನಿಮ್ಮದು."

ಆಮೇಲೆ ತಂಬಿಗೆ. ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವುದು ಈ ಸೀಮೆಯ ರೀತಿ. ಕೊಟ್ಟ ನೀರು ಮುಟ್ಟದಿದ್ದರೆ ಮನೆಯವರಿಗೆ ಅವಮಾನ. ಪಾರಮ್ಮ ಆ ರೀತಿಯನ್ನೇ ಕತ್ತಿಯ ಹಾಗೆ ಹಿಡಿದಳು. ವೋಟು ಕೇಳಲು ಬಂದವರಿರಲಿ, ಅಳತೆಗೆ ಬಂದ ಇಂಜಿನಿಯರಿರಲಿ, ಸರ್ವೆಗೆ ಬಂದವರಿರಲಿ, "ಬರ್ರಿ, ಕುಂದರ್ರಿ, ನೀರು ಕುಡೀರಿ" ಎಂದು ಸೆರಗು ಹೊದ್ದು ಎರಡೂ ಕೈಯಲ್ಲಿ ತಾಮ್ರದ ತಂಬಿಗೆ ಹಿಡಿದು ನಿಲ್ಲುವಳು. ಒಳಗೆ ಅಂದಿನ ಅಪ್ಪಟ ನಳದ ನೀರು. ಒಲ್ಲೆ ಎನ್ನುವ ಹಾಗಿಲ್ಲ, ಕುಡಿಯುವ ಹಾಗೂ ಇಲ್ಲ.

ಗೋವಿಂದರಾಜರು ಮೂರು ಚುನಾವಣೆಗೂ ಆ ತಂಬಿಗೆಯನ್ನು ತುಟಿಯ ಹತ್ತಿರ ಒಯ್ದು, "ಈಗಷ್ಟ ಚಹಾ ಆತ್ರಿ ಅಕ್ಕಾರ" ಎಂದು ಕೆಳಗಿಟ್ಟಿದ್ದರು. ಅವರು ಬೆನ್ನು ತಿರುಗಿಸುವ ಮೊದಲೇ ಪಾರಮ್ಮ ತಂಬಿಗೆ ಬೋರಲು ಹಾಕುತ್ತಿದ್ದಳು. ಧೊಪ್ಪೆಂದು ನೀರು ಅಂಗಳಕ್ಕೆ ಬೀಳುವುದು. "ನೋಡ್ರೆವ್ವಾ, ಮೆಂಬರ್ರು ಎಷ್ಟು ಕುಡದಾರ!" ಎಂದು ಓಣಿಗೆ ಸಾರುವಳು. ಆಮೇಲೆ ಕೆನ್ನೆಯೊಳಗೆ ಎಲೆ ತುರುಕಿ, ಗಲ್ಲ ಎದೆಗೊತ್ತಿ, "ಆತು… ಆಗತೈತಿ… ಆಗೇ ಆಗತೈತಿ. ಖ್ಞಾಂ!" ಎಂದರೆ ಕಟ್ಟೆಯ ಮೇಲೆ ಮೆಂಬರ್ ಮತ್ತೊಮ್ಮೆ ಬಂದು ಕುಳಿತ ಹಾಗೇ. ಜನ ನಕ್ಕು ನಕ್ಕು ಮಿರ್ಚಿ ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದರು.

ನಗು ಊರು ತಿರುಗಿತು. ಮೆಂಬರ್ ಯಾವ ಮೀಟಿಂಗಿಗೆ ಹೋದರೂ ಹಿಂದಿನ ಸಾಲಿನಿಂದ ಯಾರಾದರೂ "ಕುಡದ್ರೇನ್ರಿ?" ಎನ್ನತೊಡಗಿದರು. ಕೊನೆಗೆ ಗಟಾರದಿಂದ ದೂರ, ಓಣಿಯ ಆಚೆ ಬದಿಗೆ ತೆಗ್ಗು ಬಿತ್ತು. ಹೊಸ ಪೈಪು ಬಂತು. ಪಾರಮ್ಮ ಗೆದ್ದಿದ್ದಳು, ಗೆದ್ದದ್ದನ್ನು ಕುಡಿಯುವುದಷ್ಟೇ ಬಾಕಿ ಇತ್ತು.

*

ಕಳಕಮ್ಮ ಕ್ಯಾನಿನಿಂದ ಎದ್ದಳು.

"ಗಾಳೇಶಾ, ಈ ಕ್ಯಾನು ನನ್ನ ಪಡಸಾಲ್ಯಾಗ ಇಡು. ಯಾರೂ ಮುಟ್ಟಬ್ಯಾಡ್ರಿ. ನಾ ಎಲಿ ಹಾಕ್ಕೊಂಡು ಬಂದೆ."

ಪಕ್ಕದ ತನ್ನ ಮನೆಗೆ ಹೋಗಿ ಒಳಕೋಣೆಯ ಬಾಗಿಲು ಹಾಕಿಕೊಂಡಳು. ಎರಡು ಎಲೆ ಒಟ್ಟಿಗೆ ಎಡಗೆನ್ನೆಗೆ ತುರುಕಿದಳು. ಗಲ್ಲ ಎದೆಗೊತ್ತಿದಳು. ಆಯುಷ್ಯದಲ್ಲಿ ಅವಳು ಯಾರ ಧ್ವನಿಯನ್ನೂ ತೆಗೆದವಳಲ್ಲ. ತನ್ನ ಧ್ವನಿಯನ್ನೇ ಇನ್ನೊಬ್ಬಳ ಬಾಯಲ್ಲಿ ಕೇಳಿ ಉರಿದವಳು. ಆದರೆ ಈ ಮೆಂಬರನನ್ನು ಆ ಕಟ್ಟೆಯ ಮೇಲೆ ಅದೆಷ್ಟು ಸಲ ಕೇಳಿದ್ದಳೆಂದರೆ, ಮಂಡಾಳಿನ ಒಗ್ಗರಣೆ ವಾಸನೆಯ ಹಾಗೆ ಅದು ಮೈಗೆ ಹತ್ತಿಬಿಟ್ಟಿತ್ತು.

"ಖ್ಞಾಂ," ಎಂದು ನೋಡಿದಳು. ಬೆಕ್ಕು ಕೆಮ್ಮಿದಂತಾಯಿತು. ಹೊಟ್ಟೆಯ ಬುಡದಿಂದ ಇನ್ನೊಮ್ಮೆ ತೆಗೆದಳು. "ಖ್ಞಾಂ!" ಮೂಲೆಯಲ್ಲಿ ಮಲಗಿದ್ದ ಆಡು ಎದ್ದು ನಿಂತಿತು. ಸಾಕು.

ಸೊಂಟದ ಸಂಚಿಯಲ್ಲಿ ಕೈಹಾಕಿ ಫೋನು ತೆಗೆದಳು. ಸಂಚಿಯಲ್ಲಿ ಇವತ್ತು ಎರಡು ಫೋನಿದ್ದವು. ಗಾಳೇಶ ಇಬ್ಬರು ಮುದುಕಿಯರಿಗೂ ಒಂದೇ ಬಣ್ಣದ, ಒಂದೇ ಥರದ ಗುಂಡಿ ಫೋನು ಕೊಡಿಸಿದ್ದ. ಬೆಳಿಗ್ಗೆಯಿಂದ ಪಾರಮ್ಮನ ಫೋನಿಗೆ "ಮಂಡಾಳು ಆಗೈತೇನ್ರಿ?" ಎಂದು ಗಿರಾಕಿಗಳು ಹಚ್ಚುತ್ತಲೇ ಇದ್ದುದರಿಂದ ಕಳಕಮ್ಮ ಅದನ್ನೂ ಎತ್ತಿ ಇಟ್ಟುಕೊಂಡಿದ್ದಳು. ಎರಡರಲ್ಲೂ ಮೂಲೆಯ ಗುಂಡಿ ಒತ್ತಿ ಹಿಡಿದರೆ ಜಿಲಾನಿಗೇ ಹೋಗುತ್ತಿತ್ತು. ನೀರು ಬಿಡುವವನಿಗಿಂತ ಹತ್ತಿರದವರು ಹಮಾಲರ ಓಣಿಯಲ್ಲಿ ಯಾರಿಗಿದ್ದಾರೆ?

ಒತ್ತಿ ಹಿಡಿದಳು. ಆ ಕಡೆ ಎತ್ತಿದರು. ಆದರೆ "ಹಲೋ" ಬರಲಿಲ್ಲ. ಬರೀ ಉಸಿರು.

"ಏನಲೇ ಜಿಲಾನಿ," ಎಂದಳು ಕಳಕಮ್ಮ ಮೆಂಬರನ ಗಂಟಲಿನಲ್ಲಿ, "ಹಮಾಲರ ಓಣಿ ಲೈನು ಬಿಡು. ಹೊಸಾದು. ಖ್ಞಾಂ! ಅಕ್ಕಾರ ಜಳಕಕ್ಕ ಬೇಕಂತ. ಸಾಹೇಬ್ರಿಗೆ ನಾ ಹೇಳ್ತೀನಿ. ಆತು… ಆಗತೈತಿ… ಆಗೇ ಆಗತೈತಿ."

ಆ ಕಡೆ ಸೈಕಲ್ಲು ಕೆಳಗೆ ಬಿದ್ದ ಸದ್ದಾಯಿತು.

"ಯಾರು… ಮಾತಾಡೋದು?" ಎಂದ ಜಿಲಾನಿ, ಭಾಳ ಸಣ್ಣ ಧ್ವನಿಯಲ್ಲಿ.

"ನಾನಲೇ! ಧ್ವನಿ ತಿಳಿಯೂದಿಲ್ಲೇನು?"

"ತಿಳೀತ್ರಿ," ಎಂದ ಜಿಲಾನಿ. "ಬರೋಬ್ಬರಿ ತಿಳೀತು. ಈಗ ಬಿಡ್ತೀನ್ರಿ."

*

ಪಾರಮ್ಮನ ಮನೆಯ ಮುಂದಿನ ಹೊಸ ನಳ ಮೊದಲು ಸೀನಿತು. "ಫುಸ್ಸ್…"

ಅಳುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ತಿರುಗಿ ನೋಡಿದ್ದು ನಳದ ಕಡೆಗಲ್ಲ, ಹೆಣದ ಕಡೆಗೆ. ಪಾರಮ್ಮನ ಬಾಯಿ ಮುಚ್ಚಿಯೇ ಇತ್ತು. "ಗೊರ್ ಗೊರ್… ಖೊಳ್!" ಎಂದಿತು ನಳ.

"ಖರೇ ಬಂತಬೇ!" ಎಂದು ಯಾರೋ ಚೀರಿದರು.

ಬಂದದ್ದು ಕೆಂಪು ನೀರು. ದಪ್ಪಗೆ, ರಾಡಿರಾಡಿಯಾಗಿ ಬಂದು ಬಕೆಟ್ಟಿನ ತಳಕ್ಕೆ ಅಪ್ಪಳಿಸಿತು. ಕಳಕಮ್ಮನ ಬಾಯಲ್ಲಿದ್ದ ಎಲೆ ಒಣಗಿಹೋಯಿತು. ಇದೂ ಅದೇ ಏನು? ಇಷ್ಟೆಲ್ಲ ಆಗಿ, ಸತ್ತವಳ ಮುಂದೆ ಮತ್ತೊಂದು ಬಾಟ್ಲಿ ಶರಬತ್ತೇನು? ವಿರುಪಾಕ್ಷಿ ನಳ ಬಂದ್ ಮಾಡಲು ಬಗ್ಗಿದ. ಅವಳು ಅವನ ಮುಂಗೈ ಹಿಡಿದಳು.

"ತಡಿ. ಹೊಸಾ ಪೈಪಿನ್ಯಾಗ ತೋಡಿದ ಮಣ್ಣು ಇರತೈತಿ. ಮಣ್ಣು ಹೋಗಲಿ. ಬಿಟ್ಟು ನೋಡು."

ನೀರು ಕೆಂಪಾಗಿ ಹರಿಯಿತು. ಆಮೇಲೆ ನಸುಗೆಂಪಾಯಿತು. ಆಮೇಲೆ ಮಜ್ಜಿಗೆ ತೊಳೆದ ಹಾಗಾಯಿತು. ಓಣಿಯೆಲ್ಲ ಒಂದು ನಳವನ್ನು ನೋಡುತ್ತ ನಿಂತಿತ್ತು. ನೋಡುತ್ತ ನೋಡುತ್ತ ನೀರು ಕಾಣದಂತಾಯಿತು. ನಳದ ಬಾಯಿಂದ ಬಿಸಿಲು ಬೀಳುತ್ತಿದೆ ಅನ್ನಿಸುವಷ್ಟು.

ಕಳಕಮ್ಮ ಕಟ್ಟೆಯ ಮೇಲಿದ್ದ ಖಾಲಿ ಬಾಟ್ಲಿಯೊಂದನ್ನು ಉಜ್ಜಿ ತೊಳೆದು ಕಂಠದ ತನಕ ತುಂಬಿ, ಮುಚ್ಚಳ ಬಿಗಿದು, ಪಾರಮ್ಮನ ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರಿನ ಮುಂದೆ ಹಿಡಿದಳು. ಪಾರಮ್ಮ ಪ್ರತಿ ಸಲ ಹಿಡಿಯುತ್ತಿದ್ದ ಹಾಗೇ. ಇಷ್ಟು ವರ್ಷ ಆ ಬಾಟ್ಲಿಯ ಆಚೆ ಕ್ಯಾಲೆಂಡರಿದೆಯೋ ಗೋಡೆಯಿದೆಯೋ ತಿಳಿಯುತ್ತಿರಲಿಲ್ಲ.

"ಓದು," ಎಂದಳು ಗಾಳೇಶನಿಗೆ.

"ಸೋಮವಾರ," ಎಂದು ಓದಿದ ಗಾಳೇಶ, "ಏಕಾದಶಿ. ಕೆಳಗ ಸಣ್ಣ ಅಕ್ಷರದಾಗ ರಾಹುಕಾಲನೂ ಕಾಣತೈತಿ, ಯವ್ವಾ!"

"ಸಾಹೇಬ್ರು ಬರೂ ಹೊತ್ತು ಅದ ಇರಬೇಕು ಬಿಡು," ಎಂದಳು ಕಳಕಮ್ಮ, ಬಾಟ್ಲಿಯನ್ನು ಕಟ್ಟೆಯ ಅಂಚಿನ ಸಾಲಿಗೆ ಸೇರಿಸುತ್ತ.

ಯಾರೋ ಕಿಸಕ್ಕೆಂದರು. ನಗು ಹತ್ತಿಕೊಂಡಿತು. ಸತ್ತ ಮನೆಯ ಮುಂದೆ ನಗಬಾರದೆಂದು ಸೆರಗು ಬಾಯಿಗಿಟ್ಟವರ ಭುಜಗಳು ಕುಣಿದವು. ಹಲಗೆಯವನೊಬ್ಬ ತಡೆಯಲಾರದೆ ಒಂದು ಪೆಟ್ಟು ಹಾಕಿಯೇ ಬಿಟ್ಟ. "ಝಡಕ್ಕ!"

ಆ ಪೆಟ್ಟಿಗೆ ಸರಿಯಾಗಿ ತಿರುವಿನಲ್ಲಿ ಟಂಟಂ ಗಾಡಿ ನಿಂತಿತು. ಪಾರಮ್ಮನ ತಮ್ಮ ಗಾದಿಲಿಂಗಪ್ಪ ಹಸಿರು ಸೀರೆ ಎದೆಗವಚಿಕೊಂಡು ಇಳಿದ. ಮೊಣಕಾಲು ಬಗ್ಗದೆ ಕಾಲು ಎಳೆಯುತ್ತ ಬಂದವನು ಅಕ್ಕನನ್ನು ನೋಡುವ ಮೊದಲು ನಳವನ್ನು ನೋಡಿದ.

"ಇದು ಯಾವ ನೀರಬೇ?"

"ನಳದ್ದು, ಅಣ್ಣಾ. ನಿಮ್ಮಕ್ಕ ತರಿಸಿದ್ದು," ಎಂದಳು ಕಳಕಮ್ಮ.

ಗಾದಿಲಿಂಗಪ್ಪ ಬೊಗಸೆಯೊಡ್ಡಿದ. ಮೂಸಿದ. ಬ್ಲೀಚಿಂಗ್ ಪೌಡರಿನ ಸಣ್ಣ ವಾಸನೆ ಬಿಟ್ಟರೆ ಏನಿರಲಿಲ್ಲ. ಅವನ ತುಟಿ ಅಗಲವಾಯಿತು. ಅವೇ ಕಂದು ಪಟ್ಟೆಯ ಹಲ್ಲು.

"ನಮ್ಮಪ್ಪ ಹೇಳಿದ್ದ," ಎಂದ. "ಅಕ್ಕ ಇವತ್ತ ಬಂದಳು ನೋಡು, ಹೊಳಿ ನೀರಿನ ಊರಿಗೆ."

ಕೊಡಗಳು ತುಂಬಿದವು. ಸರತಿ ಇರಲಿಲ್ಲ, ಹೊಸ ಲೈನು ಬಂದ ಮೇಲೆ ಲೈನಿನಲ್ಲಿ ನಿಲ್ಲುವುದು ತಪ್ಪಿತ್ತು. ಸೀರೆ ಮರೆ ಹಿಡಿದು ಕಳಕಮ್ಮ ಪಾರಮ್ಮನಿಗೆ ಜಳಕ ಮಾಡಿಸಿದಳು. ಮೊದಲ ತಂಬಿಗೆ ನೆತ್ತಿಯ ಮೇಲೆ ಹೊಯ್ದು ಕಿವಿಯ ಹತ್ತಿರ ಬಗ್ಗಿದಳು.

"ಬೈ ನೋಡೂಣು ಈಗ," ಎಂದಳು.

*

ಪಾರಮ್ಮ ಹಸಿರು ಸೀರೆಯುಟ್ಟು ಕಟ್ಟೆಯ ಮೇಲೆ ಮತ್ತೆ ಕುಳಿತ ಹೊತ್ತಿಗೆ ಜಿಲಾನಿ ಸೈಕಲ್ಲು ತಳ್ಳಿಕೊಂಡು ಬಂದ. ವಾಲ್ವಿನ ಉದ್ದ ಕೀಲಿ ಹೆಗಲ ಮೇಲಿತ್ತು. ನೇರ ಕಳಕಮ್ಮನ ಹತ್ತಿರ ಬಂದು ನಿಂತ.

"ಧ್ವನಿ ಬರೋಬ್ಬರಿ ಇತ್ತು, ಕಳಕವ್ವಾ. ಕೆಮ್ಮೂ ಬರೋಬ್ಬರಿ."

ಕಳಕಮ್ಮ ಮುಖ ಆಚೆ ತಿರುಗಿಸಿದಳು. "ಯಾವ ಧ್ವನಿ? ನನಗೇನು ಗೊತ್ತು?"

"ಮೆಂಬರ್ ಧ್ವನಿ ಸರಿ. ನಂಬರ್ ಮಾತ್ರ ಪಾರಮ್ಮಂದಿತ್ತು."

ಕಳಕಮ್ಮ ಸಂಚಿಯಿಂದ ಎರಡೂ ಫೋನು ತೆಗೆದಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು.

"ಹಂಗಾರ ನಿನಗ ಗೊತ್ತಾಗಿತ್ತು! ಗೊತ್ತಾಗಿನೂ ಯಾಕ ಬಿಟ್ಟಿ? ನೌಕರಿ ಹೋಗತೈತಲ್ಲೋ ಮಾರಾಯಾ!"

"ಮುಂಜಾನಿ ಸತ್ತಾಕಿ ಮಧ್ಯಾಹ್ನ ಫೋನ್ ಮಾಡ್ಯಾಳ. ಅದೂ ಮೆಂಬರ್ ಧ್ವನ್ಯಾಗ," ಎಂದ ಜಿಲಾನಿ. ಕಣ್ಣು ಒರೆಸಿಕೊಂಡು ನಕ್ಕ. "ನೌಕರಿ ಹೋದ್ರ ಇನ್ನೊಂದು ಸಿಗತೈತಿ. ಇಂಥಾ ಫೋನು ಇನ್ನೊಮ್ಮೆ ಬರತೈತೇನು?"

ಅಷ್ಟರಲ್ಲಿ ಬಿಳಿ ಕಾರು ಬಂದು ನಿಂತಿತು. ಗೋವಿಂದರಾಜರು ಎರಡು ಮೊಳದ ಹಾರ ಹಿಡಿದು ಇಳಿದವರು, ಕೆಳಗಿಟ್ಟ ಕಾಲು ಒದ್ದೆಯಾದದ್ದು ನೋಡಿ ನಿಂತರು. ಓಣಿಯ ಪ್ರತಿ ನಳದ ಕೆಳಗೂ ತುಂಬಿದ ಕೊಡ. ಹುಡುಗರು ಮೈತುಂಬ ನೀರು ಎರಚಿಕೊಂಡು ಕೂಗುತ್ತಿದ್ದರು. ಮೆಂಬರನ ಮುಖ ಕೆಂಪು ನೀರಿನ ಬಣ್ಣಕ್ಕೆ ತಿರುಗಿತು.

"ಜಿಲಾನೀ! ಯಾರು ಹೇಳಿದ್ರಲೇ ನಿನಗ?"

ಜಿಲಾನಿ ಬಾಯಿ ತೆರೆದ. ಏನು ಹೇಳಬೇಕು? ಸತ್ತವಳು ಎನ್ನಬೇಕೆ, ಇದ್ದವಳು ಎನ್ನಬೇಕೆ? ಕಳಕಮ್ಮ ಅವನನ್ನು ಬದಿಗೆ ಸರಿಸಿ ಮುಂದೆ ಬಂದಳು. ಇಡೀ ಓಣಿಗೆ ಕೇಳುವ ಹಾಗೆ, ಈ ಸಲ ತನ್ನದೇ ಧ್ವನಿಯಲ್ಲಿ, ತನ್ನದೇ ಮೂಗಿನ ರಾಗದಲ್ಲಿ ಒದರಿದಳು:

"ನೀವ ಅಲ್ಲೇನ್ರಿ ಫೋನ್ ಮಾಡಿ ಹೇಳಿದ್ದು! ಅಕ್ಕಾರ ಜಳಕಕ್ಕ ಬಿಡು ಅಂತ! ಸಾಹೇಬ್ರು ಆಮ್ಯಾಲೆ, ನಮ್ಮ ಓಣಿ ಮೊದಲ ಅಂತ! ಎಂಥಾ ದೊಡ್ಡ ಮನಸು ನೋಡ್ರೆವ್ವಾ ನಮ್ಮ ಮೆಂಬರ್ರದು!"

ಮೊದಲು ಗಾಳೇಶ ಚಪ್ಪಾಳೆ ಹೊಡೆದ. ವಿರುಪಾಕ್ಷಿ ಹೊಡೆದ. ಓಣಿಯೆಲ್ಲ ಹೊಡೆಯಿತು. ಹಲಗೆಯವರು ಮೂರು ಪೆಟ್ಟು ಸೇರಿಸಿದರು. ನಾಲ್ಕಾರು ಮೊಬೈಲುಗಳು ಮೇಲೆದ್ದವು. ಗೋವಿಂದರಾಜರು ಮೊಬೈಲುಗಳನ್ನು ನೋಡಿದರು, ಜನರನ್ನು ನೋಡಿದರು, ಚುನಾವಣೆ ಎ‌ಷ್ಟು ದೂರವಿದೆ ಎಂದು ಮನಸ್ಸಿನಲ್ಲೇ ನೋಡಿದರು. ಮುಖದ ಕೆಂಪು ಇಳಿಯಿತು. ಅದೂ ನಸುಗೆಂಪಾಗಿ, ಮಜ್ಜಿಗೆಯಾಗಿ, ತಿಳಿಯಾಯಿತು.

"ಹೌದು," ಎಂದರು. "ಖ್ಞಾಂ! ನಾನ ಹೇಳಿದ್ದು. ಅಕ್ಕಾರಿಗಿಂತ ಹೆಚ್ಚಿಂದು ಏನೈತಿ?"

ಜಿಲಾನಿ ಕೀಲಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ಉಸಿರು ಬಿಟ್ಟ.

"ಹಂಗಾರ ಕುಡೀರಿ," ಎಂದಳು ಕಳಕಮ್ಮ.

ಪಕ್ಕದ ತನ್ನ ಕಟ್ಟೆಯ ಮುಂದೆ ಸೆರಗು ಹೊದ್ದು, ಎರಡೂ ಕೈಯಲ್ಲಿ ತಾಮ್ರದ ತಂಬಿಗೆ ಹಿಡಿದು ನಿಂತಿದ್ದಳು.

"ಸತ್ತ ಮನ್ಯಾಗ ನೀರು ಮುಟ್ಟಬಾರದ್ರಿ, ಅವ್ವಾರ," ಎಂದರು ಮೆಂಬರ್ ಒಂದು ಹೆಜ್ಜೆ ಹಿಂದೆ ಸರಿದು.

"ಸತ್ತಾಕಿ ಮನಿ ಅದು. ಇದು ನನ್ನ ಕಟ್ಟಿ, ನನ್ನ ನಳ, ನನ್ನ ತಂಬಿಗಿ. ಚಹಾ ಆತು ಅನಬ್ಯಾಡ್ರಿ ಮತ್ತ."

ಓಣಿ ಸುತ್ತುಗಟ್ಟಿತು. ಮೊಬೈಲುಗಳು ಇನ್ನೂ ಹತ್ತಿರ ಬಂದವು. ಪಾರಮ್ಮ ಕಟ್ಟೆಯ ಮೇಲೆ ಹಸಿರು ಸೀರೆಯಲ್ಲಿ ನೆಟ್ಟಗೆ ಕುಳಿತು ನೋಡುತ್ತಿದ್ದಳು. ಗೋವಿಂದರಾಜರು ತಂಬಿಗೆ ತೆಗೆದುಕೊಂಡರು. ಒಳಗೆ ಇಣುಕಿದರು. ತಳದ ತಾಮ್ರ ಫಳಫಳ ಕಂಡಿತು. ತುಟಿಗಿಟ್ಟರು. ಒಂದು ಗುಟುಕು. ಗಂಟಲಮಣಿ ಏರಿತು, ಇಳಿಯಿತು. ಹುಬ್ಬು ಮೇಲೆದ್ದವು. ಮತ್ತೆ ತಂಬಿಗೆ ಇಳಿಯಲೇ ಇಲ್ಲ. ಘಟಘಟ ಕುಡಿದರು, ಮದುವೆ ಊಟದ ಬಾಯಾರಿಕೆಯೂ ಇತ್ತೇನೋ.

ಕಳಕಮ್ಮ ತಂಬಿಗೆ ಇಸಿದುಕೊಂಡು, ಓಣಿಯ ಎದುರಿಗೆ, ಪಾರಮ್ಮನ ಎದುರಿಗೆ, ತಲೆಯ ಮೇಲೆತ್ತಿ ಬೋರಲು ಹಾಕಿದಳು.

ಒಂದು ಹನಿಯೂ ಬೀಳಲಿಲ್ಲ.

ಹಲಗೆಗಳ ಮೇಲೆ ಒಮ್ಮೆಲೇ ಪೆಟ್ಟು ಬಿದ್ದವು. ಮದುವೆಗೂ ಹಾಗೆ ಬಾರಿಸಿರಲಿಲ್ಲ. ಪಾರಮ್ಮನನ್ನು ಎತ್ತಿದರು. ಹೆಂಗಸರು ಹೆಣದ ದಾರಿಗೆ ಎಳೆಯುವ ಸುಣ್ಣದ ಗೆರೆಯ ಬದಲು ಓಣಿಯುದ್ದಕ್ಕೂ ನೀರು ಚೆಲ್ಲುತ್ತ ಹೋದರು. ಒದ್ದೆ ದಾರಿಯ ಮೇಲೆ, ಚೆಂಡುಹೂವಿನ ಗುಡ್ಡೆಯೊಳಗೆ, ಕುರ್ಚಿಯಲ್ಲಿ ಕುಳಿತೇ ಪಾರಮ್ಮ ತಿರುವು ದಾಟಿದಳು.

*

ಮಣ್ಣು ಮಾಡಿ ಬಂದವರು ನಳದ ಕೆಳಗೆ ಕಾಲು ತೊಳೆದುಕೊಂಡು, ಪಾರಮ್ಮ ಕುಳಿತ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಒಬ್ಬೊಬ್ಬರೇ ಮನೆಗೆ ಹೋದರು. ಕಳಕಮ್ಮ ತನ್ನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಧ್ವನಿ ಬಿದ್ದಿತ್ತು, ಅದು ಮೆಂಬರನ ದೆಸೆಯಿಂದಲೋ ಪಾರಮ್ಮನ ದೆಸೆಯಿಂದಲೋ ಅವಳಿಗೂ ತಿಳಿದಿರಲಿಲ್ಲ.

ಆಚೆ ಕಟ್ಟೆಯ ಮೇಲೆ ಗೋಣೆಪ್ಪ ದೀಪದ ಬೆಳಕಿನಲ್ಲಿ ಹೂವಿನ ಎಸಳು ಬಳಿದು ಒಟ್ಟುಮಾಡುತ್ತಿದ್ದ. ಬಳಿದು, ಜನರ ಕಾಲಿಗೆ ಸಿಕ್ಕು ಚೆಲ್ಲಾಪಿಲ್ಲಿಯಾಗಿದ್ದ ಬಾಟ್ಲಿಗಳನ್ನು ಸಾಲಾಗಿ ಇಡತೊಡಗಿದ. ಚಹಾದ ಬಣ್ಣದ್ದು, ಬೆಲ್ಲದ ಬಣ್ಣದ್ದು, ಪಾಚಿಯದು, ಹೆಸರಿಲ್ಲದ ಬಣ್ಣದ್ದು. ಸಾಲಿನ ಕೊನೆಗೆ ಒಂದು ಉಳಿಯಿತು.

"ಇದು ಖಾಲಿ ಐತಿ," ಎಂದು ತನಗೆ ತಾನೇ ಹೇಳಿಕೊಂಡು, ಮೋಡಕಾ ಸಾಮಾನಿನ ಗುಜರಿ ಬುಟ್ಟಿಗೆ ಒಗೆಯಲು ಎರಡು ಬೆರಳಿನಲ್ಲಿ ಅದರ ಕಂಠ ಹಿಡಿದು ಎತ್ತಿದ.

ಬಾಟ್ಲಿ ಏಳಲಿಲ್ಲ. ಕೈ ಜಗ್ಗಿತು. ಗೋಣೆಪ್ಪ ಬಗ್ಗಿ ನೋಡಿದ. ಎರಡೂ ಕೈಯಿಂದ ಎತ್ತಿ ದೀಪದ ಮುಂದೆ ಹಿಡಿದ. ಬಾಟ್ಲಿಯೊಳಗೆ ದೀಪ ತಲೆಕೆಳಗಾಗಿ, ಒಂದಿಷ್ಟೂ ಮಸುಕಿಲ್ಲದೆ ಉರಿಯುತ್ತಿತ್ತು.